ಆಯಿ ಕೆಟ್ಟ ಮಾತಾಡಿದ ದಿನ

ನನ್ನ ನಾಲಿಗೆ ಹುಟ್ಟಿನಿಂದಲೇ ಸ್ವಲ್ಪ ಉದ್ದ. ಇದನ್ನು ನಾನು ಹೇಳುತ್ತಿಲ್ಲ. ನನ್ನ ಯಜಮಾನರು ಹೇಳುತ್ತಿದ್ದರು, ಈಗ ಮಕ್ಕಳು ಹೇಳುತ್ತಾರೆ, ನಮ್ಮ ಚರ್ಚಿನ ಸಭೆಯ ಹೆಂಗಸರು ನನ್ನ ಬೆನ್ನ ಹಿಂದೆ ಹೇಳುತ್ತಾರೆ. ಯಾರ ಮನೆಯಲ್ಲಿ ಏನು ಹೊಗೆಯಾಡುತ್ತಿದೆ ಎಂದು ನನಗೆ ದೂರದಿಂದಲೇ ತಿಳಿಯುತ್ತದೆ, ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗದ ಕೆಲಸ. ಇಂಥ ನಾಲಿಗೆ ಕೊಟ್ಟ ದೇವರು ನನ್ನನ್ನು ಬೇರೆ ಯಾವ ಮನೆಯಲ್ಲಾದರೂ ಹುಟ್ಟಿಸಬಹುದಿತ್ತು. ಹುಟ್ಟಿಸಿದ್ದು ಯಲ್ಲಾಪುರದ ಹೈವೇ ಬದಿಯ ಆ ಮನೆಯಲ್ಲಿ, ನನ್ನ ಆಯಿ ರೂತವ್ವನ ಕಣ್ಣೆದುರಿಗೆ. ಆಯಿ ಎಂದರೆ ಅಪ್ಪನ ತಾಯಿ. ಇನ್ನೊಬ್ಬರ ಬಗ್ಗೆ ಒಂದು ಹಗುರ ಮಾತಾಡುವುದಕ್ಕೆ ಆಕೆಯ ಮನೆಯಲ್ಲಿ ಜಾಗವಿರಲಿಲ್ಲ. ಊಟಕ್ಕೆ ಕಡಿಮೆಯಿರಲಿಲ್ಲ, ಬಟ್ಟೆಗೆ ಕಡಿಮೆಯಿರಲಿಲ್ಲ, ಚಾಡಿಯ ವಿಷಯದಲ್ಲಿ ಮಾತ್ರ ನಾನು ಉಪವಾಸ ಬೆಳೆದವಳು.

ಮನೆ ಎಂದರೆ ಅದು ಅಪ್ಪನ ಗ್ಯಾರೇಜಿನ ಹಿಂಭಾಗ. ಹುಬ್ಬಳ್ಳಿ ಕಡೆಯಿಂದ ಬಂದ ಲಾರಿಗಳು ಘಟ್ಟ ಇಳಿಯುವ ಮುಂಚೆ ನಮ್ಮಲ್ಲಿ ನಿಲ್ಲುತ್ತಿದ್ದವು. ಮುರಿದ ಸ್ಪ್ರಿಂಗ್ ಪಟ್ಟಿ ಬಿಚ್ಚಿ ಹೊಸದು ಕೂರಿಸುವುದು ಅಪ್ಪನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣದ ಮೇಲೆ ಸುತ್ತಿಗೆ ಬೀಳುವ ಸದ್ದು. ಅದು ನಿಂತರೆ ಅವ್ವನಿಗೆ ಅಪ್ಪನಿಗೇನಾಯಿತೋ ಎಂಬ ಗಾಬರಿ. ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಗೋಡೆಗೆ ಸಭೆಯ ಕ್ಯಾಲೆಂಡರು, ಅದರ ಕೆಳಗೆ ಅಪ್ಪನ ಗ್ರೀಸಿನ ಕೈಗುರುತು. ನಡುಮನೆ ಕತ್ತಲೆ. ಅಡುಗೆಮನೆಯೊಂದೇ ದೊಡ್ಡದು, ಯಾಕೆಂದರೆ ಅದು ಮೊದಲು ಹಳೆ ಟಯರು ಪೇರಿಸಿಡುವ ಶೆಡ್ಡಾಗಿತ್ತು. ಅವ್ವ ಎಷ್ಟು ಸಗಣಿ ಸಾರಿಸಿದರೂ ಒಲೆ ಕಾದ ಮೇಲೆ ನೆಲದಿಂದ ರಬ್ಬರಿನ ವಾಸನೆ ಏಳುತ್ತಿತ್ತು. ಇವತ್ತಿಗೂ ಟಯರ್ ಅಂಗಡಿ ಮುಂದೆ ಹೋದರೆ ನನಗೆ ಹಸಿವಾಗುತ್ತದೆ. ಮಧ್ಯಾಹ್ನ ಅಲ್ಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕೂರುತ್ತಿದ್ದೆವು: ಅಪ್ಪ, ಆಯಿ, ನಾನು, ಅಪ್ಪನ ಕೈಕೆಳಗೆ ಕೆಲಸ ಮಾಡುತ್ತಿದ್ದ ದೇವದಾನ. ಅವ್ವ ಒಲೆಯ ಮುಂದೆಯೇ ಕುಳಿತು ರೊಟ್ಟಿ ಬಡಿಯುತ್ತ ಬಿಸಿಬಿಸಿಯಾಗಿ ಹಾಕುತ್ತಿದ್ದಳು. ಊರಿಗೆಲ್ಲ ಅನ್ನವಾದರೆ ನಮಗೆ ಜೋಳದ ರೊಟ್ಟಿ; ಧಾರವಾಡ ಸೀಮೆಯಿಂದ ಬಂದು ಎಷ್ಟು ವರ್ಷವಾದರೂ ಆಯಿಯ ಹೊಟ್ಟೆ ಅಲ್ಲಿಯದೇ ಆಗಿತ್ತು.

ಆ ಅಡುಗೆಮನೆಯಲ್ಲಿ ಎಲ್ಲರಿಗೂ ಒಂದೊಂದು ಮಣೆ ಇದ್ದು, ಒಂದು ಮಣೆ ಹೆಚ್ಚಿಗೆ ಇರುತ್ತಿತ್ತು. ಊಟ ಮಾಡುವಾಗ ಯಾರಾದರೂ, ಹೆಚ್ಚಾಗಿ ನಾನೇ, ಎದುರಿಗಿಲ್ಲದವರ ಬಗ್ಗೆ ಏನಾದರೂ ಶುರು ಮಾಡಿದರೆ ಆಯಿ ಬಯ್ಯುತ್ತಿರಲಿಲ್ಲ, ಕಣ್ಣು ಬಿಡುತ್ತಿರಲಿಲ್ಲ. ಎಡಗೈ ಚಾಚಿ ಆ ಖಾಲಿ ಮಣೆಯನ್ನು ಎಳೆದು ನಮ್ಮೆದುರಿಗೆ ಹಾಕುತ್ತಿದ್ದಳು. ಅದರ ಮೇಲೆ ಆ ಮನುಷ್ಯ ಬಂದು ಕುಳಿತಿದ್ದಾನೆ ಎಂದು ಲೆಕ್ಕ. ಈಗ ಅವರ ಮುಖ ನೋಡಿ ಹೇಳು ಎನ್ನುತ್ತಿದ್ದಳು. ಹೇಳಿ ನೋಡಿ, ಆಗುವುದಿಲ್ಲ. ಬರೀ ಹಲಗೆ ಎಂದು ಗೊತ್ತಿದ್ದರೂ ಅರ್ಧ ಮಾತು ತಾನಾಗಿ ಉದುರಿಹೋಗುತ್ತದೆ. ಒಮ್ಮೆ ನಮ್ಮ ಗಣಿತದ ಮಾಸ್ತರರು ವಿನಾಕಾರಣ ಹೊಡೆದಿದ್ದರು. ನಾನು ಸಿಟ್ಟಿನಿಂದ ಅವರ ಬಕ್ಕತಲೆಯಿಂದ ಹಿಡಿದು ಅವರ ಹೆಂಡತಿಯ ದುಡುಕಿನವರೆಗೆ ಎಲ್ಲ ಎತ್ತಿಕೊಂಡೆ. ಮಣೆ ಬಂತು. ನಾನೂ ಹಟಮಾರಿ, ಮಣೆಯನ್ನೇ ದಿಟ್ಟಿಸಿ, ನೀವು ಹೊಡೆದದ್ದು ತಪ್ಪು ಮಾಸ್ತರ್ರೇ, ಲೆಕ್ಕ ಸರಿಯಿತ್ತು ಎಂದೆ. ಬಕ್ಕತಲೆ, ಹೆಂಡತಿ ಎರಡೂ ಬಾಯಿಗೆ ಬರಲಿಲ್ಲ. ಆಯಿಗೆ ಖುಷಿಯೋ ಖುಷಿ. ಇದೇ ಮಾತನ್ನು ನಾಳೆ ಶಾಲೆಯಲ್ಲಿ ಹೋಗಿ ಹೇಳು, ಇದು ಹೇಳುವಂಥ ಮಾತು ಎಂದಳು. ನಾನು ಹೇಳಲಿಲ್ಲ, ಅದು ಬೇರೆ.

ಇದೆಲ್ಲ ಯಾಕೆ ಎಂದು ಒಮ್ಮೆ ರೇಗಿ ಕೇಳಿದ್ದೆ. ಪಾಪದ ಉಪದೇಶ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಆಯಿ ತನ್ನ ಪಾಡಿಗೆ ಬೆಳ್ಳುಳ್ಳಿ ಸುಲಿಯುತ್ತ, ಕುಡಿಯುವ ನೀರು ತರುವ ಕೊಡದಲ್ಲಿ ಯಾರಾದರೂ ಮುಸುರೆ ತುಂಬುತ್ತಾರೇನು, ಬೆಳಿಗ್ಗೆ ಸಂಜೆ ಪ್ರಾರ್ಥನೆ ಮಾಡುವ ಬಾಯಿ ಅಲ್ಲವೇ ಇದು, ಎಂದಳು. ಅಷ್ಟೇ. ಆಕೆಗೆ ಕ್ರೈಸ್ತಳಾಗಿರುವುದು ಎಂದರೆ ಮುಖ್ಯವಾಗಿ ಇದೇ ಆಗಿತ್ತು. ಆದಿತ್ಯವಾರ ಗುಡಿಗೆ, ಚರ್ಚಿಗೆ ನಾವು ಹಾಗೇ ಅನ್ನುವುದು, ಹೋಗುವುದು ತಪ್ಪಿದರೆ ಕ್ಷಮಿಸುತ್ತಿದ್ದಳು. ಗುಡಿಯಿಂದ ಬರುತ್ತ ದಾರಿಯಲ್ಲಿ ಯಾರದಾದರೂ ಸೀರೆಯ ಬಗ್ಗೆ ಮಾತಾಡಿದರೆ ಮನೆ ಬರುವವರೆಗೆ ನಮ್ಮ ಜೊತೆ ಮಾತು ಬಿಡುತ್ತಿದ್ದಳು. ಪಾಪ, ಅವ್ವನ ಕಷ್ಟ ಯಾರಿಗೆ ಹೇಳುವುದು? ಅವ್ವನಿಗೂ ತುಂಬ ಜನರ ಮೇಲೆ ಸಿಟ್ಟಿತ್ತು, ನ್ಯಾಯವಾದ ಸಿಟ್ಟೇ. ಅವಳು ಅದನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಹೋಗುತ್ತಿದ್ದಳು. ಗೋಡೆಯ ಆಚೆಗೆ ಖಾತೂನಬಿ ಚಿಕ್ಕಮ್ಮ, ಅಪ್ಪನ ಗ್ಯಾರೇಜಿಗೆ ಲಾರಿ ತರುತ್ತಿದ್ದ ಡ್ರೈವರರ ಹೆಂಡತಿ, ಇರುತ್ತಿದ್ದರು. ಅಲ್ಲಿ ಇಬ್ಬರೂ ಸೇರಿ ಊರನ್ನು ಚೆನ್ನಾಗಿ ಒಗೆದು ಹಿಂಡಿ ಹಾಕುತ್ತಿದ್ದರು. ನನಗೆ ಸಿಕ್ಕ ವಿದ್ಯೆಯೆಲ್ಲ ಆ ಕಲ್ಲಿನ ಹತ್ತಿರ ಸಿಕ್ಕಿದ್ದು.

ಆಯಿಯ ಈ ನೇಮದಿಂದ ಊರಲ್ಲಿ ಒಂದು ವಿಚಿತ್ರ ಆಗಿತ್ತು. ರೂತವ್ವ ಯಾರನ್ನೂ ಆಡಿಕೊಳ್ಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಜನ ಆಕೆ ಹೇಳಿದ್ದನ್ನು ಕೇಳುವುದು ಬಿಟ್ಟು ಹೇಳದೆ ಬಿಟ್ಟದ್ದನ್ನು ಕೇಳಲು ಕಲಿತಿದ್ದರು. ನಮ್ಮ ಓಣಿಗೆ ಹೊಸದಾಗಿ ಬಂದ ದರ್ಜಿಯ ಬಗ್ಗೆ ಯಾರೋ ಕೇಳಿದರು, ಹೇಗೆ ಹೊಲಿಯುತ್ತಾನೆ ಎಂದು. ಆಯಿ ಯೋಚಿಸಿ, ಗುಂಡಿ ಬಹಳ ಗಟ್ಟಿಯಾಗಿ ಹಚ್ಚುತ್ತಾನೆ ಎಂದಳು. ಒಳ್ಳೆಯ ಮಾತನ್ನೇ ಹೇಳಿದಳು, ನಿಜವನ್ನೇ ಹೇಳಿದಳು. ಆಮೇಲೆ ಆ ದರ್ಜಿಗೆ ನಮ್ಮ ಸಭೆಯ ಒಬ್ಬರೂ ಅಂಗಿ ಬಟ್ಟೆ ಕೊಡಲಿಲ್ಲ, ಗುಂಡಿ ಕಿತ್ತರೆ ಮಾತ್ರ ಅವನ ಹತ್ತಿರ ಹೋಗುತ್ತಿದ್ದರು. ಅಪ್ಪ ಇದನ್ನು ಹೇಳಿ ಹೇಳಿ ನಗುತ್ತಿದ್ದ. ಆಯಿಗೆ ಇದರಲ್ಲಿ ನಗುವಂಥದ್ದು ಏನಿದೆ ಎಂದೇ ತಿಳಿಯುತ್ತಿರಲಿಲ್ಲ.

ಈಗ ದೇವದಾನನ ವಿಷಯ. ಅವನಿಗೆ ಆಗ ಮೂವತ್ತರ ಹತ್ತಿರ ಇರಬೇಕು. ಕಡ್ಡಿಯಂಥ ಆಳು, ಕೈಗಳು ಮಾತ್ರ ದೊಡ್ಡವು, ಅಂಗೈ ತುಂಬ ಸುಟ್ಟ ಕಲೆ. ಆ ಸಣಕಲು ಎದೆಯಿಂದ ಅಷ್ಟು ದಪ್ಪ ದನಿ ಹೇಗೆ ಬರುತ್ತಿತ್ತೋ. ಅವನು ಹಾಡಿದರೆ ನಮ್ಮ ಗುಡಿಯ ಕಿಟಕಿಯ ಗಾಜು ಸಣ್ಣಗೆ ಗಡಗಡ ಎನ್ನುತ್ತಿತ್ತು. ಆದರೆ ಕೆಲವು ವರ್ಷ ಅವನು ಸಾರಾಯಿಗೆ ಬಿದ್ದಿದ್ದ. ಕ್ರಿಸ್ಮಸ್ ಹಾಡಿಗೆ ಮನೆಮನೆ ಹೋಗುವಾಗ ಪೆಟ್ರೋಮ್ಯಾಕ್ಸ್ ಸಮೇತ ಗಟಾರಕ್ಕೆ ಬಿದ್ದಿದ್ದ. ಒಂದು ದಿನ ಕುಡಿದು ಬಂದು ತಾಯಿಯ ಮೇಲೆ ಕೈ ಎತ್ತಿದ, ಆಕೆ ಹೊಸ್ತಿಲ ಮೇಲೆ ಬಿದ್ದು ಮುಂಗೈ ಮುರಿಯಿತು. ಆ ತಾಯಿ ಬಾವಿಯ ಹತ್ತಿರ ಜಾರಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ನಮ್ಮ ಮನೆಯವರಿಗಷ್ಟೇ ನಿಜ ಗೊತ್ತಿತ್ತು, ಕೈಗೆ ಪಟ್ಟಿ ಕಟ್ಟಿದವಳು ಆಯಿ. ಮುಂದೆ ಆಕೆ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನವೇ ದೇವದಾನ ಕುಡಿಯುವುದನ್ನು ಬಿಟ್ಟ. ಸಭೆಯವರು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದ ಆ ದಿನಗಳಲ್ಲಿ ಆಯಿ ಅವನನ್ನು ಮಧ್ಯಾಹ್ನದ ಊಟಕ್ಕೆ ಕೂರಿಸಿಕೊಳ್ಳತೊಡಗಿದಳು. ಒಂದು ಬುದ್ಧಿಮಾತು ಹೇಳಲಿಲ್ಲ. ಸಭೆಯಲ್ಲಿ ಮಾತ್ರ, ದೇವದಾನ ಇಲ್ಲದ ಹಾಡು ಉಪ್ಪಿಲ್ಲದ ಸಾರು ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ಆ ಒಂದು ಮಾತಿನ ಮೇಲೆ ಅವನು ಮತ್ತೆ ಗುಡಿಯೊಳಗೆ ಕಾಲಿಟ್ಟ. ಅವಳ ಒಳ್ಳೆಯ ಮಾತಿಗೆ ಅಂಥ ಶಕ್ತಿ ಇತ್ತು, ಅದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಶಿರಸಿಯಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹಾಡಲು ಹೋದಾಗ ಅವನು ಶಾಂತಾ ಎನ್ನುವ ಹುಡುಗಿಯನ್ನು ನೋಡಿ ಬಂದ. ಬಾಲವಾಡಿಯಲ್ಲಿ ಟೀಚರು. ತಂದೆ ಪ್ರಭುದಾಸರು ಶಿರಸಿಯ ಆಸ್ಪತ್ರೆಯೊಂದರಲ್ಲಿ ಕಂಪೌಂಡರು. ದೇವದಾನ ಯಾರಿಗೂ ಹೇಳದಿದ್ದರೂ ಊಟಕ್ಕೆ ಬರುವ ಮುಂಚೆ ಕೈಕಾಲಿಗೆ ಸೋಪು ಹಚ್ಚಿ, ತಲೆ ಬಾಚಿಕೊಂಡು ಬರತೊಡಗಿದ. ಲಾರಿಯ ಕೆಳಗೆ ಮಲಗುವವನಿಗೆ ಕ್ರಾಪು ಯಾಕೋ ಎಂದು ಅಪ್ಪ ಕಾಡಿಸಿದರೆ ಕಿವಿಯವರೆಗೆ ಕೆಂಪಾಗುತ್ತಿದ್ದ. ಕೊನೆಗೆ ಅವ್ವನ ಮುಂದೆ ಬಾಯಿ ಬಿಟ್ಟ, ಅಪ್ಪ ಹೋಗಿ ಮಾತಾಡಿ ಬಂದ, ಅವರಿಗೂ ಹುಡುಗ ಒಪ್ಪಿಗೆಯಾದ ಹಾಗಿತ್ತು. ವಿಚಾರಿಸಿ ಹೇಳುತ್ತೇವೆ ಎಂದರು. ವಿಚಾರಿಸುವುದಕ್ಕೆ ಶಾಂತಾಳ ಸೋದರಮಾವ ಒಂದು ಮಧ್ಯಾಹ್ನ ಬಸ್ಸಿಳಿದು ಬಂದು ನೇರವಾಗಿ ನಮ್ಮ ಮುಂದಿನ ಕೋಣೆಯ ಬೆಂಚಿನ ಮೇಲೆ ಕುಳಿತರು. ಅವರು ಕೇಳಬೇಕಾಗಿದ್ದು ರೂತವ್ವನನ್ನು. ಆಕೆ ಸುಳ್ಳು ಹೇಳುವವಳಲ್ಲ ಎಂದು ಶಿರಸಿಯವರೆಗೂ ಗೊತ್ತಿತ್ತು, ಆಕೆಯ ಮೌನಕ್ಕೆ ಏನು ಅರ್ಥ ಎನ್ನುವುದೂ ಗೊತ್ತಿತ್ತು.

ನಾನು ಬಾಗಿಲ ಸಂದಿಯಲ್ಲಿದ್ದೆ. ಅವ್ವ ಚಹಾ, ಖಾರಾ ತಂದಿಟ್ಟಳು. ಆ ಮಾವ ಅದೂ ಇದೂ ಕೇಳಿದರು. ಕೆಲಸ ಹೇಗೆ ಎಂದರು. ಅಂಥ ಕೈ ಈ ರೋಡಿನಲ್ಲಿ ಇನ್ನೊಂದಿಲ್ಲ ಎಂದಳು ಆಯಿ. ಗುಡಿಗೆ ಬರುತ್ತಾನೆಯೇ ಎಂದರು, ತಪ್ಪಿಸುವುದಿಲ್ಲ ಎಂದಳು. ಆಮೇಲೆ ಅವರು ದನಿ ತಗ್ಗಿಸಿ, ಹುಡುಗ ಕುಡಿಯುತ್ತಾನಂತೆ ಎಂದು ಕೇಳಿದ್ದೇವೆ, ಹೌದೇನು ಎಂದರು. ಆಯಿ ಒಂದು ಗಳಿಗೆ ಸುಮ್ಮನಿದ್ದು, ಬಹಳ ಚೆನ್ನಾಗಿ ಹಾಡುತ್ತಾನೆ ಎಂದಳು. ನನಗೆ ದರ್ಜಿಯ ಗುಂಡಿ ನೆನಪಾಯಿತು. ಮಾವ ಮತ್ತೊಮ್ಮೆ ಕೇಳಿದರು. ತಾಯಿ ಕಾಯಿಲೆಯಾದಾಗ ಗಂಜಿ ತಾನೇ ಕುಡಿಸುತ್ತಿದ್ದ ಎಂದಳು ಆಯಿ. ಅವರು ಅರ್ಧ ಚಹಾ ಬಿಟ್ಟು ಎದ್ದರು. ಬರುತ್ತೇನಮ್ಮ, ಎಲ್ಲ ತಿಳಿಯಿತು ಎಂದು ಕೈಮುಗಿದು ಹೋದರು. ಎಂಟು ದಿನದೊಳಗೆ ಶಿರಸಿಯಿಂದ ಸುದ್ದಿ ಬಂತು: ಬೇಡ.

ದೇವದಾನ ಊಟಕ್ಕೆ ಬರುವುದನ್ನು ನಿಲ್ಲಿಸಿದ. ಕೆಲಸಕ್ಕೆ ಮಾತ್ರ ಬರುತ್ತಿದ್ದ. ಸಂಜೆ ಗ್ಯಾರೇಜಿನ ಬಾಗಿಲು ಹಾಕಿದ ಮೇಲೆ ರೋಡಿನ ಆಚೆ ಸಾರಾಯಿ ಅಂಗಡಿಯ ಎದುರಿಗೆ ಕೈಕಟ್ಟಿ ನಿಂತಿದ್ದ ಎಂದು ಅಪ್ಪ ಬಂದು ಹೇಳಿದ. ಅಪ್ಪನ ಮುಖ ಸಣ್ಣದಾಗಿತ್ತು. ಆ ಅಂಗಡಿಯ ಮೆಟ್ಟಿಲು ಹತ್ತಿದರೆ ಅವನು ಇನ್ನು ಇಳಿದು ಬರುವ ಪೈಕಿ ಅಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವತ್ತು ಅವ್ವ ಮೊದಲ ಸಲ ಆಯಿಯ ಎದುರಿಗೆ ನಿಂತು ಮಾತಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ರೊಟ್ಟಿ ಹಿಟ್ಟು.

“ಅತ್ತೀ, ಬಿಟ್ಟಾನ ಅಂತ ಒಂದ್ ಮಾತು ಅಂದಿದ್ರ ಸಾಕಿತ್ತು. ಯಾಕ ಅನ್ಲಿಲ್ರಿ?”

“ಬಿಟ್ಟಾನ ಅಂದ್ರ, ಕುಡೀತಿದ್ದ ಅಂತ ನಾನಾ ಹೇಳಿದಂಗಾತಲ್ಲ ಬೇ.”

ಆಯಿ ಅದನ್ನು ಬಹಳ ಮುಗ್ಧವಾಗಿ ಹೇಳಿದಳು. ಕೆಟ್ಟದ್ದನ್ನು ಮುಚ್ಚಿಟ್ಟು ಒಳ್ಳೆಯದನ್ನೇ ಎತ್ತಿ ಹಿಡಿದೆ, ಇದರಲ್ಲಿ ಏನು ತಪ್ಪಾಯಿತು ಎಂದು ಆಕೆ ನಿಜವಾಗಿಯೂ ಹುಡುಕುತ್ತಿದ್ದಳು. ನನಗೆ ಸಿಟ್ಟು ಬಂದಿತ್ತು, ಅವಳ ಮುಖ ನೋಡಿದರೆ ಅಳುವೂ ಬರುತ್ತಿತ್ತು. ಊರವರು ತನ್ನ ಮೌನವನ್ನು ಹೇಗೆ ಓದುತ್ತಾರೆ ಎನ್ನುವುದು ಅಷ್ಟು ವರ್ಷದಲ್ಲಿ ಆಕೆಯ ತಲೆಗೇ ಬಂದಿರಲಿಲ್ಲ. ದರ್ಜಿಯ ಕತೆಯನ್ನು ಅವ್ವ ಬಿಡಿಸಿ ಹೇಳಿದಾಗ ಆಯಿ ಮಂಕಾಗಿ ಕುಳಿತುಬಿಟ್ಟಳು. ಹಾಗಾದರೆ ಆ ದರ್ಜಿಯ ಹೊಟ್ಟೆಯ ಮೇಲೂ ನಾನೇ ಹೊಡೆದೆನೇ ಎಂದು ಕೇಳಿದಳು.

ಮರುದಿನ ಮಧ್ಯಾಹ್ನ ದೇವದಾನ ಬಂದ. ಕೈ ತೊಳೆದಿರಲಿಲ್ಲ, ತಲೆ ಬಾಚಿರಲಿಲ್ಲ. ತನ್ನ ಜಾಗದಲ್ಲಿ ಕೂರದೆ ಗೋಡೆಗೆ ಒರಗಿಸಿದ್ದ ಆ ಹೆಚ್ಚಿನ ಮಣೆಯನ್ನು ತಾನೇ ಎಳೆದುಕೊಂಡು ಆಯಿಯ ಎದುರಿಗೆ ಹಾಕಿ ಕುಳಿತ. ನಾನಿಲ್ಲದಾಗ ಅವರ ಮುಂದೆ ಏನು ಹೇಳಿದಿರೋ ಅದನ್ನೇ ಈಗ ನನ್ನ ಮುಂದೆ ಹೇಳಿ ಎಂದ. ಆಯಿ ಒಂದೊಂದಾಗಿ ಹೇಳಿದಳು: ಕೈ ಒಳ್ಳೆಯದು, ಗುಡಿ ತಪ್ಪಿಸುವುದಿಲ್ಲ, ಹಾಡು, ಗಂಜಿ. ಅವನು ತಲೆ ತಗ್ಗಿಸಿ ಕೇಳಿದ. ಕೇಳುತ್ತ ಕೇಳುತ್ತ ಅವನ ಹೆಗಲು ಅಲುಗತೊಡಗಿತು.

“ಆಯಿ, ನೀವು ನನ್ನ ಬೈದಿದ್ರ ಪಾಡಿತ್ತರಿ. ಬೈದಿದ್ರ ಅಂವ ಯಾವಾಗಿನ ಮಾತು ಅಂತರ ಕೇಳ್ತಿದ್ದ. ನೀವು ಸುಮ್ಮ ಕುಂತ್ರಿ, ನಾ ಇನ್ನೂ ಅದರಾಗ ಬಿದ್ದೇನಿ ಅಂತ ಆತು.”

ಆಯಿ ತಟ್ಟೆ ಸರಿಸಿದಳು. ಆಮೇಲೆ ನಾಳೆ ಬೆಳಗಿನ ಬಸ್ಸಿಗೆ ಶಿರಸಿಗೆ ಹೋಗೋಣ, ನೀನೂ ಬಾ ಎಂದಳು. ಅಲ್ಲಿ ಏನು ಹೇಳುತ್ತೀರಿ ಎಂದು ಅವನು ಕೇಳಲಿಲ್ಲ, ಕೇಳಿದ್ದರೂ ಆಕೆಗೆ ಆಗ ಗೊತ್ತಿತ್ತೋ ಇಲ್ಲವೋ. ಆಯಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ ಎಂದು ನಿಂಬೆಹಣ್ಣು ಹಿಡಿದುಕೊಂಡು ಕೂರಲು ನನ್ನನ್ನು ಕರೆದುಕೊಂಡು ಹೋದರು. ಮಂಚಿಕೇರಿ ದಾಟಿದರೂ ಆಕೆಗೆ ವಾಂತಿಯಾಗಲಿಲ್ಲ. ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದು ನಾನು ತಿಳಿದೆ, ದೇವದಾನನೂ ಹಾಗೇ ತಿಳಿದಿರಬೇಕು. ಒಮ್ಮೆ ಕಿವಿಗೊಟ್ಟು ಕೇಳಿದೆ. ಕುಡಿಯುತ್ತಿದ್ದ, ಕುಡಿಯುತ್ತಿದ್ದ ಎಂದು ಆಕೆ ಆ ಶಬ್ದವನ್ನು ಬಾಯಿಗೆ ರೂಢಿ ಮಾಡಿಕೊಳ್ಳುತ್ತಿದ್ದಳು.

ಪ್ರಭುದಾಸರ ಮನೆ ಚೊಕ್ಕಟವಾಗಿತ್ತು, ನಾವು ಬಂದದ್ದು ಅವರಿಗೆ ಇಷ್ಟವಿರಲಿಲ್ಲ. ಆದರೂ ಕುರ್ಚಿ ಹಾಕಿದರು. ದೇವದಾನ ಒಳಗೆ ಬರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಆಯಿ ನೀರು ಕೇಳಿದಳು. ಕುಡಿಯಲು ಹೋಗಿ ಅರ್ಧ ನೀರನ್ನು ಸೀರೆಯ ಮೇಲೆ ಚೆಲ್ಲಿಕೊಂಡಳು. ಅಷ್ಟು ದೊಡ್ಡ ಹೆಂಗಸು ಇಷ್ಟು ಹೆದರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಲೋಟ ಕೆಳಗಿಟ್ಟು, ಪ್ರಭುದಾಸರನ್ನಲ್ಲ, ದೇವದಾನನ ಮುಖವನ್ನೇ ನೋಡುತ್ತ ಮಾತಾಡಿದಳು.

“ಇಂವ ಕುಡೀತಿದ್ದ. ಹಬ್ಬಕ್ಕಷ್ಟ ಅಲ್ಲ, ದಿನಾ ಕುಡೀತಿದ್ದ. ಕುಡದು ಅವ್ವನ ಮ್ಯಾಲ ಕೈ ಎತ್ತಿದ, ಆಕೀ ಮುಂಗೈ ಮುರೀತು. ಬಾವಿ ಕಡೆ ಜಾರಿ ಬಿದ್ದೆ ಅಂತ ಆಕಿ ಎಲ್ಲಾರಿಗೂ ಸುಳ್ಳ ಹೇಳಿದ್ಲು. ಪಟ್ಟಿ ಕಟ್ಟಿದಾಕಿ ನಾನು. ಆಕೀನ್ನ ಮಣ್ಣಿಗಿಟ್ಟ ದಿನದಿಂದ ಇಂವ ಮುಟ್ಟಿಲ್ಲ, ದಿನಾ ನಮ್ಮ ಮನ್ಯಾಗ ಉಣತಾನ, ನನಗ ಗೊತ್ತೈತಿ. ಇನ್ನ ಮುಂದ ಮುಟ್ಟಾಂಗಿಲ್ಲ ಅಂತ ನಾ ಹೇಳಂಗಿಲ್ಲ. ಅದು ನನಗ ಗೊತ್ತಿಲ್ಲ.”

ಮುಂಗೈಯ ಮಾತು ಬಂದಾಗ ದೇವದಾನ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದು ನಮ್ಮ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ, ಹೇಳದೆ ಬಿಟ್ಟಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ. ಮುಗಿಯಿತು, ಈ ಮುದುಕಿ ಎಲ್ಲ ಕೆಡಿಸಿದಳು ಎಂದು ನಾನು ಅಂದುಕೊಂಡೆ. ಆಗ ಒಳಗಿನ ಪರದೆ ಸರಿಸಿ ಶಾಂತಾ ಹೊರಗೆ ಬಂದಳು. ಎತ್ತರದ, ಕಪ್ಪು, ಗಂಭೀರ ಹುಡುಗಿ. ಅಪ್ಪನ ಕಡೆ ನೋಡದೆ ನೇರವಾಗಿ ದೇವದಾನನನ್ನು ಕೇಳಿದಳು.

“ಅಮ್ಮನ ಕೈ ಮುರಿದದ್ದು ಹೌದಾ?”

“ಹೌದ್ರಿ.”

ಅವಳು ಒಳಗೆ ಹೋಗಿ ಚಹಾ ಮಾಡಿ ತಂದು ಮೊದಲು ಆಯಿಗೆ, ಆಮೇಲೆ ಬಾಗಿಲವರೆಗೆ ನಡೆದು ಹೋಗಿ ಅವನಿಗೆ ಕೊಟ್ಟಳು. ಪ್ರಭುದಾಸರು ಯೋಚಿಸಿ ತಿಳಿಸುತ್ತೇನೆ ಎಂದಷ್ಟೇ ಹೇಳಿ ಕಳಿಸಿದರು. ಶಿರಸಿ ಬಸ್ ಸ್ಟ್ಯಾಂಡಿನ ನಳದ ಹತ್ತಿರ ಆಯಿ ನಿಂತು ಬಾಯಿ ಮುಕ್ಕಳಿಸಿದಳು, ಉಗುಳಿ ಮತ್ತೆ ಮುಕ್ಕಳಿಸಿದಳು. ದೇವದಾನ ತನ್ನ ಟವೆಲು ಕೊಟ್ಟ. ಬಸ್ಸಿನಲ್ಲಿ ಗಾಳಿ ಬೀಸುವ ಕಿಟಕಿಯ ಕಡೆ ತಾನು ಕುಳಿತು ಆಕೆಯನ್ನು ಒಳಗೆ ಕೂರಿಸಿದ.

ಆ ವಾರ ಪ್ರಭುದಾಸರು ತಾವೇ ಗ್ಯಾರೇಜಿಗೆ ಬಂದರು. ಮಗಳು ಹೂಂ ಅಂದಿದ್ದಾಳಂತೆ, ಹಟ ಹಿಡಿದಿದ್ದಾಳಂತೆ. ಆದರೆ ತಂದೆಯ ಜೀವ ಕೇಳಬೇಕಲ್ಲ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಆದಿತ್ಯವಾರ ಗುಡಿಯಲ್ಲಿ ಪ್ರಕಟಣೆ ಓದುವ ಪದ್ಧತಿ. ಇಂಥವನಿಗೂ ಇಂಥವಳಿಗೂ ಮದುವೆ ಗೊತ್ತಾಗಿದೆ, ಯಾರಿಗಾದರೂ ಅಡ್ಡಿಯಿದ್ದರೆ ಹೇಳಬಹುದು ಎಂದು ಸಭಾಪಾಲಕರು ಓದುತ್ತಾರೆ. ಅದಕ್ಕೆ ಯಾರೂ ಯಾವತ್ತೂ ಉತ್ತರ ಕೊಟ್ಟದ್ದಿಲ್ಲ. ಕೇಳುವುದು ಕೇಳುತ್ತಾರೆ, ಅಷ್ಟೇ. ಪ್ರಭುದಾಸರು ಅಪ್ಪನಿಗೆ, ನಿಮ್ಮ ಗುಡಿಯಲ್ಲಿ ಮೊದಲ ಸಲ ಓದುವ ದಿನ ನಾನು ಬಂದು ಹಿಂದೆ ಕೂರುತ್ತೇನೆ, ನಿಮ್ಮ ತಾಯಿ ಹೇಳಿದ್ದಕ್ಕಿಂತ ಹೆಚ್ಚಿನ ಒಂದು ಮಾತು ಗುಡಿಯ ಒಳಗೋ ಹೊರಗೋ ನನ್ನ ಕಿವಿಗೆ ಬಿದ್ದರೆ ಅಲ್ಲಿಗೆ ಬಿಟ್ಟೆವು ಎಂದರು. ಅಪ್ಪ ಒಪ್ಪಿದ, ಒಪ್ಪದೆ ಏನು ಮಾಡುವುದು?

ಇಷ್ಟರಲ್ಲಿ ನಮ್ಮ ಓಣಿಯ ನಳದ ಹತ್ತಿರ ಹೆಚ್ಚಿನ ಮಾತು ಹುಟ್ಟಿಯಾಗಿತ್ತು. ನಮ್ಮ ಸಭೆಯ ಮಾರ್ತಕ್ಕ, ಬಾಯಲ್ಲಿ ನನಗೆ ಗುರು ಎನ್ನಬಹುದಾದ ಹೆಂಗಸು, ದೇವದಾನ ಮತ್ತೆ ಸಾರಾಯಿ ಅಂಗಡಿಯ ಮುಂದೆ ನಿಂತಿದ್ದನ್ನು ಕಣ್ಣಾರೆ ಕಂಡೆ ಎಂದು ಕೊಡ ತುಂಬಲು ಬಂದವರಿಗೆಲ್ಲ ಹೇಳಿದ್ದಳು. ನಿಂತಿದ್ದ ಎನ್ನುವುದು ಎರಡನೆಯ ಬಾಯಿಗೆ ಹೋಗುವಾಗ ಕುಡಿದ ಎಂದಾಯಿತು, ಮೂರನೆಯ ಬಾಯಿಯಲ್ಲಿ ಬಿದ್ದಿದ್ದ ಎಂದಾಯಿತು. ಈಗ ನಮ್ಮ ಸಭೆಗೆ ಮೊಬೈಲಿನಲ್ಲಿ ಗುಂಪು ಇದೆ, ಬೆಳಿಗ್ಗೆ ವಾಕ್ಯ, ಮಧ್ಯಾಹ್ನದಿಂದ ಚಾಡಿ. ಆದರೆ ಆ ನಳದಷ್ಟು ಬೇಗ ಅದೂ ಕೆಲಸ ಮಾಡುವುದಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಖಾತೂನಬಿ ಚಿಕ್ಕಮ್ಮ ಇದನ್ನು ಅವ್ವನಿಗೆ ಹೇಳಿದರು. ಅವ್ವ ಅದನ್ನು ಮೊದಲ ಸಲ ಮನೆಯೊಳಗೆ ತಂದು ಆಯಿಯ ಮುಂದಿಟ್ಟಳು. ಆಯಿ ಮಣೆಗೆ ಕೈ ಚಾಚಲಿಲ್ಲ. ಪೂರ್ತಿ ಕೇಳಿದಳು.

ಆ ಆದಿತ್ಯವಾರ ಗುಡಿ ತುಂಬಿತ್ತು. ಪ್ರಭುದಾಸರು ಹಿಂದಿನ ಬೆಂಚಿನಲ್ಲಿ, ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು. ದೇವದಾನ ಹಾಡುವವರ ಸಾಲಿನಲ್ಲಿದ್ದ, ಅವತ್ತು ಅವನ ದನಿ ಕೇಳಲೇ ಇಲ್ಲ. ಹೆಂಗಸರ ಕಡೆ ಮಾರ್ತಕ್ಕ ನಮ್ಮ ಮುಂದಿನ ಬೆಂಚು. ಸಭಾಪಾಲಕರು ವಯಸ್ಸಾದವರು, ಸಾಧು, ನಾವೆಲ್ಲ ಅಯ್ಯನವರು ಎನ್ನುತ್ತಿದ್ದೆವು. ಅವರು ಚೀಟಿ ತೆಗೆದು ಎರಡೂ ಹೆಸರು ಓದಿ, ಯಾರಿಗಾದರೂ ಅಡ್ಡಿಯಿದ್ದರೆ ಎಂಬಲ್ಲಿಗೆ ಬಂದು, ರೂಢಿಯಂತೆ ಉಸಿರು ಕೂಡ ತೆಗೆದುಕೊಳ್ಳದೆ ಮುಂದಿನ ಸಾಲಿಗೆ ಹೋಗುವವರಿದ್ದರು. ನನ್ನ ಪಕ್ಕದಲ್ಲಿ ಆಯಿ ಎದ್ದು ನಿಂತಳು. ಇಡೀ ಗುಡಿ ತಿರುಗಿತು. ಒಂದು ಬಾಯಿ ತೆರೆದರೆ ಮುಗಿಯಿತು ಎಂದಿದ್ದರು ಪ್ರಭುದಾಸರು, ತೆರೆದದ್ದು ನಮ್ಮ ಮನೆಯದೇ ಬಾಯಿ. ಅವ್ವ ಆಕೆಯ ಸೆರಗು ಹಿಡಿದು ಎಳೆದಳು, ಆಯಿ ಬಿಡಿಸಿಕೊಂಡಳು.

“ಅಯ್ಯನವರ, ಸ್ವಲ್ಪ ತಡೀರಿ. ಹುಡುಗಿ ಅಪ್ಪ ಹಿಂದ ಕುಂತಾರ. ನನಗ ಗೊತ್ತಿದ್ದ ಕೆಟ್ಟದ್ದೆಲ್ಲಾ ನಾ ಅವರ ಮನಿಗೆ ಹೋಗಿ ಹೇಳಿ ಬಂದೇನಿ. ನಿಮಗ್ಯಾರಿಗರ ಇನ್ನೂ ಏನರ ಗೊತ್ತಿದ್ರ ಇಲ್ಲೇ ಹೇಳ್ರಿ. ದೇವದಾನನೂ ಇಲ್ಲೇ ಅದಾನ, ಅಂವನ ಮುಖಾ ನೋಡಿ ಹೇಳ್ರಿ. ಹೊರಗ ಹೋಗಿ ಹೇಳಬ್ಯಾಡ್ರಿ.”

ಹೇಳಿ ಕುಳಿತುಕೊಂಡಳು. ಹೊರಗೆ ಹೈವೇಯಲ್ಲಿ ಒಂದು ಲಾರಿ ಗೇರು ಬದಲಿಸಿ ಹೋಯಿತು. ಅಯ್ಯನವರಿಗೆ ಏನು ಮಾಡಬೇಕೆಂದು ತೋಚಲಿಲ್ಲ, ಚೀಟಿಯನ್ನು ಮಡಚಿದರು, ಮತ್ತೆ ಬಿಚ್ಚಿದರು. ಅಷ್ಟರಲ್ಲಿ ನಮ್ಮ ಮುಂದಿನ ಬೆಂಚಿನಿಂದ ಮಾರ್ತಕ್ಕ ಎದ್ದಳು. ದೇವರೇ, ಕೂರಿಸಪ್ಪ ಇವಳನ್ನು ಎಂದು ನಾನು ಕಣ್ಣು ಮುಚ್ಚಿದೆ, ಅಷ್ಟು ಶ್ರದ್ಧೆಯಿಂದ ನಾನು ಆ ಗುಡಿಯಲ್ಲಿ ಯಾವತ್ತೂ ಪ್ರಾರ್ಥನೆ ಮಾಡಿರಲಿಲ್ಲ. ಮಾರ್ತಕ್ಕ ದೇವದಾನನ ಕಡೆ ತಿರುಗಿದಳು. ಅವನೂ ಅವಳನ್ನೇ ನೋಡುತ್ತಿದ್ದ.

“ಸಾರಾಯಿ ಅಂಗಡಿ ಮುಂದ ನಿಂತಿದ್ದ. ನಾ ನೋಡೇನಿ.”

ಹಿಂದಿನಿಂದ ಕೊಡೆ ನೆಲಕ್ಕೆ ತಾಗಿದ ಸದ್ದು ಕೇಳಿಸಿತು, ಪ್ರಭುದಾಸರು ಏಳುತ್ತಿದ್ದರು. ಮಾರ್ತಕ್ಕ ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತೇ ಇದ್ದಳು.

“ಒಳಗ ಹೋಗ್ಲಿಲ್ಲರಿ. ಬಾಳೊತ್ತು ನಿಂತ, ಕಣ್ಣು ಒರಿಸಿಕೊಂಡ, ಹೊಳ್ಳಿ ಮನಿಗೆ ಹ್ವಾದ. ಅದನ್ನೂ ನಾ ನೋಡೇನಿ. ಅದನ್ನ ಯಾರಿಗೂ ಹೇಳಿದ್ದಿಲ್ಲ.”

ಅಯ್ಯನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಈಗ ಇದನ್ನು ಅಡ್ಡಿ ಎಂದು ತೆಗೆದುಕೊಳ್ಳಬೇಕೋ ಬೇಡವೋ ಎಂದು ಯಾರನ್ನು ಕೇಳಬೇಕೆಂದು ತಿಳಿಯದೆ ಸಭೆಯನ್ನೇ ಕೇಳಿದರು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಪ್ರಭುದಾಸರು ಇನ್ನೂ ನಿಂತೇ ಇದ್ದರು.

“ಅಡ್ಡಿ ಅಲ್ಲ, ಅಯ್ಯನವ್ರೆ. ಮುಂದೆ ಓದಿ.”